ಪಟ್ಟವನ್ನಿಳಿದು ಆಳಿದ ಜಪಾನಿನ ಚಕ್ರವರ್ತಿಗಳು

ಜಪಾನಿನ ಚಕ್ರವರ್ತಿಗಳ ವಂಶಾವಳಿಯನ್ನು ಓದುವವನಿಗೆ ಎದುರಾಗುವ ಮೊದಲನೆಯ ತೊಡಕೆಂದರೆ, ಅವರಲ್ಲಿ ಅರ್ಧಕ್ಕೆ ಸಮೀಪವಾದ ಸಂಖ್ಯೆಯವರು ತಾವಾಗಿಯೋ ಪರರ ಒತ್ತಾಯದಿಂದಲೋ ಸಿಂಹಾಸನವನ್ನು ತ್ಯಜಿಸಿದವರೆಂಬುದು. ಇದನ್ನು ಕೇಳಿದೊಡನೆ ನಮ್ಮ ದೇಶದ ವಾಚಕರು ವಾನಪ್ರಸ್ಥವನ್ನು ನೆನೆಯುವುದು ಸಹಜ. ಮಗನಿಗೆ ಪಟ್ಟವನ್ನು ಕಟ್ಟಿ ಕಾಡಿಗೆ ತೆರಳಿದ ರಾಜರ ಕಥೆಗಳು ನಮ್ಮ ಪುರಾಣಗಳಲ್ಲಿ ಹೇರಳವಾಗಿವೆ. ಜಪಾನಿನಲ್ಲಿಯೂ ಪಟ್ಟವನ್ನು ಬಿಟ್ಟವರಲ್ಲಿ ಅನೇಕರು ತಲೆಯನ್ನು ಬೋಳಿಸಿಕೊಂಡು ಬೌದ್ಧದೀಕ್ಷೆಯನ್ನು ವಹಿಸಿದರು. ಅಷ್ಟರಿಂದ ಈ ಹೋಲಿಕೆ ಸರಿಯೆಂದು ತೋರಬಹುದು. ಆದರೆ ಕ್ರಿ. ಶ. 11ನೆಯ ಶತಮಾನದ ಕಡೆಯಿಂದ ಮುಂದೆ ಸುಮಾರು ಇನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಈ ದೀಕ್ಷಿತರಲ್ಲಿ ಪ್ರಮುಖರು ರಾಜ್ಯಭಾರವನ್ನು ಬಿಟ್ಟವರಲ್ಲ, ಪಟ್ಟವನ್ನು ಬಿಟ್ಟ ಮೇಲೆಯೇ ರಾಜ್ಯಭಾರಕ್ಕೆ ಕೈಯಿಕ್ಕಿದವರು ಎಂಬುದು ಸ್ಪಷ್ಟವಾಗುವುದು. ಸಿಂಹಾಸನದ ಮೇಲಿದ್ದಾಗ ಇಲ್ಲದ ಅಧಿಕಾರವು ಅದನ್ನು ಇಳಿದವನಿಗೆ ಬಂದುದೆಂತು ಎಂಬುದೇ ಪ್ರಕೃತ ಲೇಖನದ ವಿಚಾರ.

ಪಟ್ಟತ್ಯಾಗವು ಅಲ್ಲಿ ಹಳೆಯ ಪದ್ಧತಿ. ಮೊದಲು ಪಟ್ಟವನ್ನು ಬಿಟ್ಟುಕೊಟ್ಟವಳು 645ರಲ್ಲಿ ಕೋಗ್ಯೋಕು ಎಂಬ ಸಾಮ್ರಾಜ್ಞಿ. 697ರಲ್ಲಿ ಜಿತೋ ಸಾಮ್ರಾಜ್ಞಿಯು ಮೊಮ್ಮಗನಾದ ಮೊಮ್ಮುವಿಗೆ ಪಟ್ಟವನ್ನು ವಹಿಸಿ, ‘ದಾಜೋ ತೆನ್ನೋ’ ಎಂಬ ಬಿರುದನ್ನು ಧರಿಸಿದವರಲ್ಲಿ ಮೊದಲಿಗಳಾದಳು. ನಿವೃತ್ತಿಯನ್ನು ಹೊಂದಿದ ಚಕ್ರವರ್ತಿ ಎಂದು ಆ ಬಿರುದಿಗೆ ಅರ್ಥಮಾಡಬಹುದು. ಆದರೆ ಆ ಕಾಲದ ನಿವೃತ್ತಿಯಿಂದ ರಾಜ್ಯಾಂಗದಲ್ಲಿ ಹೊಸದೊಂದು ವ್ಯವಸ್ಥೆ ಹುಟ್ಟಲಿಲ್ಲ. ಅದಕ್ಕೆ ಫುಜಿವಾರಾ ಮನೆತನದ ಏಳಿಗೆ ಆಗಬೇಕಾಗಿದ್ದಿತು.

ಫುಜಿವಾರಾ ಕುಲದವರು ಚಕ್ರವರ್ತಿಗಳಿಗೆ ಹೆಣ್ಣು ಕೊಟ್ಟು ಬಲಿತವರು. ಆ ಕಾಲದ ಜಪಾನಿನಲ್ಲಿ ಮಗುವು ತಾಯಿಯ ತೌರಿನಲ್ಲಿ ಬೆಳೆಯುತ್ತಿದ್ದಿತು. ಆದಕಾರಣ ಬಾಲಚಕ್ರವರ್ತಿಯ ಮೇಲೆ ತಾಯಿಯ ತಂದೆಗೆ ಇರುವ ಹಿಡಿತವು ಬೇರೆ ಯಾರಿಗೂ ಇರಲು ಸಾಧ್ಯವಿರಲಿಲ್ಲ. 858ರಲ್ಲಿ ಸೆಯ್‌ವಾ ಎಂಬ ಬಾಲಕನು ಪಟ್ಟಕ್ಕೆ ಬಂದಾಗ ಅವನ ಮಾತಾಮಹನಾದ ಯೊಶಿಫುಸಾ ರಾಜಪ್ರತಿನಿಧಿಯಾಗಿ ಆಳತೊಡಗಿದನು. ಅಲ್ಲಿಂದ ಮುಂದೆ ಆ ಪದವಿಯು ಅವನ ವಂಶದವರಿಗೆ ಕುಲಾಗತವಾದ ಸ್ವತ್ತಿನಂತಾಯಿತು. ಮಿಚಿನಾಗಾ (966–1027) ತನ್ನ ನಾಲ್ವರು ಹೆಣ್ಣುಮಕ್ಕಳನ್ನು ಚಕ್ರವರ್ತಿಗಳಿಗೂ ಯುವರಾಜನಿಗೂ ಕೊಟ್ಟನು. ಅವನ ದೌಹಿತ್ರರಲ್ಲಿ ಮೂವರು ಸಿಂಹಾಸನವನ್ನೇರಿದರು. ಚಕ್ರವರ್ತಿಗೆ ಉಳಿದುದು ಪೂಜೆ, ವ್ರತ, ಉತ್ಸವಗಳ ಕಟ್ಟುಪಾಡು. ಅವನು ಅರಮನೆಯನ್ನು ಬಿಟ್ಟು ಸ್ವೇಚ್ಛೆಯಾಗಿ ಸಂಚರಿಸುವಂತಿಲ್ಲ, ಸಭೆಯ ಮುದ್ರೆಯಿಲ್ಲದೆ ನಿರೂಪವನ್ನು ಕಳುಹಿಸುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ದೇಶದ ಭೂಮಿಯೆಲ್ಲ ನ್ಯಾಯತಃ ಅವನದೇ ಆಗಿದ್ದುದರಿಂದ ಅವನ ಮನೆಗೆಂದು ಪ್ರತ್ಯೇಕವಾದ ಭೂಮಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕುಲೀನರೂ ದೇವಾಲಯಗಳೂ ತೆರಿಗೆಯಿಲ್ಲದ ಮಾನ್ಯಗಳನ್ನು ಗುಡ್ಡೆಹಾಕುತ್ತಿದ್ದಾಗ, ಒಡೆಯನೆನಿಸಿದವನು ಬರಿಗೈಯಲ್ಲಿ ಕುಳಿತಿದ್ದನು. ಈ ಮಾನ್ಯಗಳನ್ನು ಆ ದೇಶದಲ್ಲಿ ‘ಶೋಯೆನ್’ ಎಂದು ಕರೆಯುವರು.

1068ರಲ್ಲಿ ಪಟ್ಟಕ್ಕೆ ಬಂದ ಗೋ-ಸಾಂಜೋ ಚಕ್ರವರ್ತಿಯ ತಾಯಿ ರಾಜವಂಶದವಳು. (‘ಗೋ’ ಎಂದರೆ ‘ಅನಂತರದ’ ಎಂದರ್ಥ, ನಮ್ಮಲ್ಲಿ ‘ಇಮ್ಮಡಿ’ ಎನ್ನುವಂತೆ ಹಿಂದಿನ ಒಬ್ಬ ರಾಜನ ಹೆಸರನ್ನು ಮತ್ತೆ ಇಡುವಾಗ ಇದನ್ನು ಸೇರಿಸುವರು.) ಫುಜಿವಾರಾ ಮಾತೆಯಿಲ್ಲದ ಚಕ್ರವರ್ತಿಯು ಸಿಂಹಾಸನದ ಮೇಲೆ ಕುಳಿತು ಆಗಲೇ ಸುಮಾರು 170 ವರ್ಷಗಳು ಕಳೆದಿದ್ದವು. ಮಾತಾಮಹನ ಕಣ್ಗಾವಲಿಲ್ಲದ ಈತನು 1069ರಲ್ಲಿ ಮಾನ್ಯಗಳ ಮೂಲಪತ್ರಗಳನ್ನು ತರಿಸಿ ಪರೀಕ್ಷಿಸುವುದಕ್ಕೆಂದು ಒಂದು ಕಚೇರಿಯನ್ನು ಸ್ಥಾಪಿಸಿದನು. ಆದರೆ ನಾಲ್ಕೇ ವರ್ಷಗಳಲ್ಲಿ ಪಟ್ಟವನ್ನು ಬಿಟ್ಟು, ಬಿಟ್ಟ ಕೆಲವೇ ತಿಂಗಳುಗಳಲ್ಲಿ, 1073ರಲ್ಲಿ, ತೀರಿಕೊಂಡನು. ಇವನು ಬದುಕಿದ್ದರೆ ನಿವೃತ್ತನಾಗಿ ಆಳುವ ಉದ್ದೇಶವಿದ್ದಿತೇ ಎಂದು ಜಪಾನಿನ ವಿದ್ವಾಂಸರು ಬಹಳ ಚರ್ಚೆ ಮಾಡಿರುವರು. ನಡೆಯದೆ ಹೋದುದನ್ನು ಊಹಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನಡೆದುದು ಇವನ ಮಗನಾದ ಶಿರಾಕಾವಾನ ಕಾಲದಲ್ಲಿ.

ಶಿರಾಕಾವಾ ಹುಟ್ಟಿದುದು 1053ರಲ್ಲಿ. ತಂದೆಯ ಇಷ್ಟದಂತೆ ಶಿರಾಕಾವಾನ ತರುವಾಯ ಅವನ ಮಲತಮ್ಮಂದಿರಿಗೆ ಪಟ್ಟವು ಸಲ್ಲಬೇಕಾಗಿದ್ದಿತು. ಅವರಲ್ಲಿ ಹಿರಿಯನಾದ ಯುವರಾಜನು 1085ರಲ್ಲಿ ಸತ್ತನು. ಕಿರಿಯವನು ಇನ್ನೂ ಇದ್ದನು. ಮರುವರ್ಷ ಶಿರಾಕಾವಾ ತನ್ನ ಚಿಕ್ಕ ಮಗನನ್ನು ಯುವರಾಜನನ್ನಾಗಿ ಮಾಡಿ, ಅದೇ ದಿನ ಪಟ್ಟವನ್ನು ಅವನಿಗೆ ವಹಿಸಿಬಿಟ್ಟನು. ಆ ಬಾಲಕನೇ ಹೊರಿಕಾವಾ ಚಕ್ರವರ್ತಿ. (ಇದು ನಡೆದುದು 1086ರ ಹನ್ನೊಂದನೆಯ ಚಾಂದ್ರಮಾಸದಲ್ಲಿ, ಪಾಶ್ಚಾತ್ಯ ಗಣನೆಯಂತೆ ಆ ದಿನವು 1087ರ ಜನವರಿಯಲ್ಲಿ ಬೀಳುವುದರಿಂದ ಗ್ರಂಥಗಳಲ್ಲಿ ಎರಡು ಇಸವಿಗಳೂ ಕಾಣಬರುತ್ತವೆ.) ಆಗ ಶಿರಾಕಾವಾನಿಗೆ ರಾಜ್ಯಾಂಗವನ್ನು ಬದಲಾಯಿಸುವ ಯೋಚನೆ ಇದ್ದಂತೆ ಕಾಣುವುದಿಲ್ಲ. ತಮ್ಮನ ಸಂತಾನಕ್ಕೆ ಹೋಗಬಹುದಾಗಿದ್ದ ಪಟ್ಟವನ್ನು ತನ್ನ ಸಂತಾನದಲ್ಲಿ ನಿಲ್ಲಿಸಿಕೊಳ್ಳುವುದಷ್ಟೆ ಅವನ ಗುರಿ. ರಾಜಪ್ರತಿನಿಧಿಯಾಗಿ ಆಗಲೂ ಫುಜಿವಾರಾ ಕುಲದವನೇ ಇದ್ದನು.

ಆದರೆ ಸಾವುಗಳು ಇವನಿಗೆ ಅನುಕೂಲವಾಗಿ ಬಂದವು. 1099ರಲ್ಲಿ ಫುಜಿವಾರಾ ಕುಲದ ಪ್ರಧಾನನಾದ ಮೊರೊಮಿಚಿ ನಡುವಯಸ್ಸಿನಲ್ಲಿಯೇ ಮಡಿದನು. 1107ರಲ್ಲಿ ಹೊರಿಕಾವಾ ಚಕ್ರವರ್ತಿಯೂ ತೀರಿಕೊಂಡನು. 1103ರಲ್ಲಿ ಹುಟ್ಟಿದ್ದ ಅವನ ಮಗ ತೋಬಾನಿಗೆ ಪಟ್ಟವಾಯಿತು. ಹೊಸ ಚಕ್ರವರ್ತಿಯ ಸೋದರಮಾವನಾದ ಕಿನ್‌ಜಾನೆ ಎಂಬವನು ಹಳೆಯ ಸಂಪ್ರದಾಯವನ್ನು ಹಿಡಿದು ಪ್ರತಿನಿಧಿಪದವಿಯನ್ನು ಬೇಡಿದನು. ಶಿರಾಕಾವಾ ಅದನ್ನು ತಳ್ಳಿಹಾಕಿ, ಬಾಲಕನಿಗೆ ಅಂಥ ನಂಟಿಲ್ಲದ ತಾದಾಜಾನೆಗೆ ಪದವಿಯನ್ನು ಕೊಟ್ಟನು. ನೋಡುವುದಕ್ಕೆ ಇದು ಒಂದು ನೇಮಕದ ಮಾತು. ಆದರೆ ಆ ದಿನದಿಂದ ರಾಜಪ್ರತಿನಿಧಿಯು ಚಕ್ರವರ್ತಿಯ ತಾಯಿಯ ಕಡೆಯ ಹಿರಿಯನೆಂಬ ಕಾರಣದಿಂದ ಆಳುವವನಾಗಿ ಉಳಿಯಲಿಲ್ಲ. ಚಕ್ರವರ್ತಿಯ ತಂದೆಯ ಕಡೆಯ ಹಿರಿಯನು ದಯಪಾಲಿಸಿದ ಪದವಿಯಲ್ಲಿ ಕುಳಿತವನಾದನು. ಮಾತೃಪಕ್ಷದಿಂದ ಪಿತೃಪಕ್ಷಕ್ಕೆ ಅಧಿಕಾರವು ಜಾರಿದುದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ.

ನಿವೃತ್ತ ಚಕ್ರವರ್ತಿಯ ನಿವಾಸಕ್ಕೆ ‘ಇನ್’ ಎಂದು ಹೆಸರು. ಆ ನಿವಾಸದಿಂದ ನಡೆಯುವ ಆಳ್ವಿಕೆಗೆ ‘ಇನ್‌ಸೆಯ್’ ಎನ್ನುವರು. ಅಲ್ಲಿ ಪ್ರತ್ಯೇಕವಾದ ಕಚೇರಿ, ಪ್ರತ್ಯೇಕವಾದ ಕರಣಿಕರು, ಪ್ರತ್ಯೇಕವಾದ ಕಾವಲು ಪಡೆ. ಉತ್ತರದಿಕ್ಕಿನ ಭಟರೆಂದು ಹೆಸರಾಂತ ಆ ಪಡೆಯಲ್ಲಿ ಸೇವೆ ಮಾಡಿ ತಾಯಿರಾ ವಂಶದವರು ಮೇಲೆ ಬಂದರು. ಪ್ರಾಂತಾಧಿಕಾರಿಗಳಾಗಿ ಧನಸಂಪಾದನೆ ಮಾಡಿದ ಮಧ್ಯಮಸ್ತರದ ಜನರು ನಿವೃತ್ತ ಚಕ್ರವರ್ತಿಯ ದೇವಾಲಯಗಳನ್ನು ಕಟ್ಟಿಸಿಕೊಟ್ಟು ಮತ್ತೆ ಪ್ರಾಂತಗಳನ್ನು ಪಡೆಯುತ್ತಿದ್ದರು. ಶಿರಾಕಾವಾ ಕಟ್ಟಿಸಿದ ಹೊಶ್ಶೋ-ಜಿ ಎಂಬ ದೇವಾಲಯವು 1077ರಲ್ಲಿ ಪ್ರತಿಷ್ಠೆಯಾಯಿತು. 1083ರಲ್ಲಿ ಅಲ್ಲಿ ಒಂಬತ್ತು ನೆಲೆಗಳ ಎಂಟು ಮೂಲೆಯ ಗೋಪುರವು ಎದ್ದಿತು. ನಗರಕ್ಕೆ ಬರುವವರಿಗೆ ಅರಮನೆಗಿಂತ ಮೊದಲು ಕಾಣುತ್ತಿದ್ದುದು ಆ ಗೋಪುರವೇ ಇರಬೇಕು.

ಇವನ ಸ್ವಭಾವವನ್ನು ಕುರಿತು ಎರಡು ಕಥೆಗಳಿವೆ. ತನ್ನ ಮಾತನ್ನು ಕೇಳದವು ಮೂರು ಮಾತ್ರ, ಕಾಮೋ ನದಿಯ ನೆರೆ, ಪಗಡೆಯ ದಾಳ, ಹಿಯೇ ಪರ್ವತದ ಸಂನ್ಯಾಸಿಗಳು, ಎಂದು ಅವನು ಹೇಳಿಕೊಂಡನೆಂಬ ಐತಿಹ್ಯವು ‘ಹೆಯ್‌ಕೆ ಮೊನೊಗತಾರಿ’ಯಲ್ಲಿದೆ. ಆಯುಧಧಾರಿಗಳಾದ ಆ ಪರ್ವತವಾಸಿಗಳು ದೇವರ ಪಲ್ಲಕ್ಕಿಯನ್ನು ಹೊತ್ತು ರಾಜಧಾನಿಗೆ ನುಗ್ಗಿದರೆ ತಡೆಯುವವರಿರಲಿಲ್ಲ. ಇನ್ನೊಂದು ಕಥೆ ‘ಕೊಜಿದಾನ್’ ಎಂಬ ಸಂಗ್ರಹದ್ದು. ಹೊಶ್ಶೋ-ಜಿಯಲ್ಲಿ ನಡೆಯಬೇಕಾಗಿದ್ದ ಒಂದು ಸಮಾರಂಭವು ಮಳೆಯ ದೆಸೆಯಿಂದ ಮತ್ತೆ ಮತ್ತೆ ನಿಂತುಹೋದುದರಿಂದ, ಸಿಟ್ಟಿಗೆದ್ದ ಶಿರಾಕಾವಾ ಮಳೆಯ ನೀರನ್ನು ಪಾತ್ರೆಯಲ್ಲಿ ಹಿಡಿಸಿ ಸೆರೆಮನೆಗೆ ಹಾಕಿಸಿದನಂತೆ. ಕಥೆಗಳು ನಿಜವಿರಲಿ ಸುಳ್ಳಿರಲಿ, ಸಿಂಹಾಸನದ ಮೇಲೆ ಕುಳಿತ ಯಾವ ಚಕ್ರವರ್ತಿಯನ್ನು ಕುರಿತೂ ಆ ಕಾಲದಲ್ಲಿ ಇಂಥ ಮಾತು ಹುಟ್ಟುವಂತಿರಲಿಲ್ಲ. 1096ರಲ್ಲಿ ಪ್ರೀತಿಯ ಮಗಳು ತೀರಿಕೊಂಡಾಗ ಅವನು ತಲೆಬೋಳಿಸಿಕೊಂಡನು. ಅಧಿಕಾರವು ಮಾತ್ರ 1129ರಲ್ಲಿ ಸಾಯುವವರೆಗೂ ಅವನ ಕೈಯಲ್ಲಿಯೇ ಇದ್ದಿತು.

ಈ ವ್ಯವಸ್ಥೆಯ ಜೀವಾಳವು ಪಿತೃತ್ವವೆಂಬುದಕ್ಕೆ ಸುತೋಕು ಚಕ್ರವರ್ತಿಯ ದುರಂತಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. 1119ರಲ್ಲಿ ಹುಟ್ಟಿದ ಇವನಿಗೆ ಮುತ್ತಜ್ಜನಾದ ಶಿರಾಕಾವಾ 1123ರಲ್ಲಿ ಪಟ್ಟವನ್ನು ಕಟ್ಟಿಸಿ, ತಂದೆಯಾದ ತೋಬಾನನ್ನು ಇಳಿಸಿದನು. ಶಿರಾಕಾವಾ ಸತ್ತ ಮೇಲೆ ತೋಬಾನ ಸರದಿ ಬಂದಿತು. ಅವನು ತನ್ನ ಪ್ರಿಯಪತ್ನಿಯಲ್ಲಿ 1139ರಲ್ಲಿ ಹುಟ್ಟಿದ ಕೊನೊಯೆ ಎಂಬ ಶಿಶುವಿಗೆ ಪಟ್ಟವನ್ನು ಬಿಟ್ಟುಕೊಡುವಂತೆ ಸುತೋಕುವನ್ನು ಒಡಂಬಡಿಸಿದನು. ಶಿಶುವನ್ನು ಸುತೋಕುವಿನ ದತ್ತಪುತ್ರನೆಂದು ಎಣಿಸಿದ್ದುದರಿಂದ, ಪಟ್ಟವನ್ನಿಳಿದರೂ ಚಕ್ರವರ್ತಿಯ ತಂದೆಯಾಗಿ ಮುಂದೆ ತಾನೇ ಆಳಬಹುದೆಂದು ಸುತೋಕು ನಂಬಿದನು. 1141ರ ಹನ್ನೆರಡನೆಯ ಚಾಂದ್ರಮಾಸದಲ್ಲಿ ಪಟ್ಟತ್ಯಾಗದ ನಿರೂಪವನ್ನು ಓದಿದಾಗ ಅದರಲ್ಲಿ ಕೊನೊಯೆಯನ್ನು ಮಗನೆಂದು ಬರೆದಿರಲಿಲ್ಲ, ತಮ್ಮನೆಂದು ಬರೆದಿದ್ದಿತು. ಈ ಸಂಗತಿಯನ್ನು ತಿಳಿಸುವವನು ‘ಗುಕಾನ್‌ಶೋ’ ಎಂಬ ಚರಿತ್ರಗ್ರಂಥವನ್ನು ಬರೆದ ಜಿಯೆನ್ ಎಂಬ ಮಹಾಸ್ಥವಿರ. ಸುತೋಕುವಿನ ಮನಸ್ಸಿನಲ್ಲಿ ಕಹಿಯು ಉಳಿದುದು ಇದರಿಂದಲೇ ಎಂಬುದು ಅವನ ಅಭಿಪ್ರಾಯ. ತಮ್ಮನ ಪಟ್ಟದಲ್ಲಿ ಅಣ್ಣನಿಗೆ ಯಾವ ಹಕ್ಕೂ ಇಲ್ಲ. ಒಂದು ಶಬ್ದದ ಬದಲಾವಣೆಯಿಂದ ಮಾಜಿ ಚಕ್ರವರ್ತಿಯೊಬ್ಬನು ಸಾಮಾನ್ಯ ನಿವೃತ್ತನಾಗಿ ಉಳಿದನು.

ತೋಬಾನಿಗೆ ಸುತೋಕುವಿನಲ್ಲಿದ್ದ ಅನಾದರಕ್ಕೆ ‘ಕೊಜಿದಾನ್’ ಇನ್ನೊಂದು ಕಾರಣವನ್ನು ಹೇಳುತ್ತದೆ. ಸುತೋಕು ನಿಜವಾಗಿ ಶಿರಾಕಾವಾನ ಮಗನೆಂದೂ, ತೋಬಾ ಅವನನ್ನು ‘ಚಿಕ್ಕಪ್ಪನಾದ ಮಗ’ ಎಂಬ ಅರ್ಥದ ಮಾತಿನಿಂದ ಹಂಗಿಸುತ್ತಿದ್ದನೆಂದೂ ಅದರಲ್ಲಿದೆ. ಈ ರಸವತ್ತಾದ ಕಥೆಯನ್ನು ಅನೇಕ ಲೇಖಕರು ಸಿದ್ಧಾಂತವೆಂಬಂತೆ ಎತ್ತಿಕೊಂಡಿರುವರು. ಆದರೆ ಆ ಗ್ರಂಥವು 1212–1215ರ ಸುಮಾರಿನದು. ಸುತೋಕುವಿನ ಜನನಕ್ಕೂ ಅದಕ್ಕೂ ತೊಂಬತ್ತಕ್ಕಿಂತ ಹೆಚ್ಚು ವರ್ಷಗಳ ಅಂತರವಿದೆ. ಅಷ್ಟು ದೂರದಿಂದ ಬಂದ ಅಂತಃಪುರದ ಗಾಳಿಮಾತನ್ನು ಆಧಾರವಾಗಿ ಇಟ್ಟುಕೊಳ್ಳದೆಯೇ ತೋಬಾನ ನಡತೆಯನ್ನು ವಿವರಿಸಬಹುದು. ಕೊನೊಯೆಯು ಸುತೋಕುವಿನ ಮಗನೆನಿಸಿದರೆ ತೋಬಾನ ಕಾಲಾನಂತರ ಅಧಿಕಾರವು ಸುತೋಕುವಿಗೆ ಸೇರುತ್ತಿದ್ದಿತು. ತಮ್ಮನೆನಿಸಿದರೆ ಪ್ರಿಯಪತ್ನಿಯ ಸಂತಾನದಲ್ಲಿಯೇ ನಿಲ್ಲುತ್ತಿದ್ದಿತು. ಈ ಲೆಕ್ಕಾಚಾರವೊಂದೇ ಸಾಕು.

ಕೊನೊಯೆ 1155ರಲ್ಲಿ ಮಕ್ಕಳಿಲ್ಲದೆ ಸತ್ತನು. ಈಗಲಾದರೂ ತನ್ನ ಮಗನಿಗೆ ಪಟ್ಟವಾಗಿ ತಾನು ಚಕ್ರವರ್ತಿಯ ತಂದೆಯಾಗುವೆನೆಂದು ಸುತೋಕು ಆಸೆಪಟ್ಟನು. ತೋಬಾ ಪಟ್ಟವನ್ನು ಕೊಟ್ಟುದು ಸುತೋಕುವಿನ ಒಡಹುಟ್ಟಿದ ತಮ್ಮನಾದ ಗೋ-ಶಿರಾಕಾವಾನಿಗೆ. ಅದುವರೆಗೆ ಬೀದಿಯ ಗಾಯಕಿಯರಿಂದ ಹೊಸ ಧಾಟಿಯ ಹಾಡುಗಳನ್ನು ಕಲಿಯುತ್ತ ಕಾಲಕಳೆಯುತ್ತಿದ್ದ ಈ ರಾಜಕುಮಾರನು ಪಟ್ಟಕ್ಕೆ ಬರುವನೆಂದು ಯಾರೂ ಎಣಿಸಿರಲಿಲ್ಲ. 1156ರಲ್ಲಿ ತೋಬಾ ಕಣ್ಣುಮುಚ್ಚಿದ ಕೆಲವೇ ದಿನಗಳಲ್ಲಿ ಅಣ್ಣತಮ್ಮಂದಿರ ಪಕ್ಷಗಳು ಆಯುಧವನ್ನು ಹಿಡಿದವು. ಹೋಗೆನ್ ಕಲಹವೆಂದು ಪ್ರಸಿದ್ಧವಾದ ಈ ಯುದ್ಧವು ಒಂದು ರಾತ್ರಿಯ ದಾಳಿಯಿಂದ ಬೆಳಗಾಗುವ ವೇಳೆಗೆ ಮುಗಿಯಿತು. ಸೋತವರಿಗೆ ಮರಣದಂಡನೆಯಾಯಿತು, ರಾಜಧಾನಿಯಲ್ಲಿ ಸುಮಾರು ಮುನ್ನೂರೈವತ್ತು ವರ್ಷಗಳಿಂದ ನಡೆಯದೆ ಇದ್ದ ಶಿಕ್ಷೆಯದು. ಮಿನಾಮೊತೊ ಯೊಶಿತೊಮೊ ತನ್ನ ತಂದೆಯನ್ನೇ ವಧಿಸಬೇಕಾಯಿತು. ಸುತೋಕುವನ್ನು ಶಿಕೊಕು ದ್ವೀಪದ ಸಾನುಕಿ ಪ್ರಾಂತಕ್ಕೆ ಗಡೀಪಾರು ಮಾಡಿದರು. ಎಂಟು ವರ್ಷಗಳ ಮೇಲೆ, 1164ರಲ್ಲಿ, ಅಲ್ಲಿಯೇ ತೀರಿಕೊಂಡನು. ಅವನು ಕೈಯಾರೆ ಪ್ರತಿಮಾಡಿ ಕಳುಹಿಸಿದ ಬೌದ್ಧಸೂತ್ರಗಳನ್ನು ರಾಜಧಾನಿಯವರು ಹಿಂದಕ್ಕೆ ಕಳುಹಿಸಿದರೆಂದೂ, ಅವನು ಶಪಿಸಿ ಸತ್ತನೆಂದೂ ಹೋಗೆನ್ ಕಥನದಲ್ಲಿದೆ. ಆ ಭಯವು ಬಹುಕಾಲ ಉಳಿಯಿತು. 1868ರಲ್ಲಿ ಮೇಯ್‌ಜಿ ಚಕ್ರವರ್ತಿಯು ಪಟ್ಟಾಭಿಷೇಕದ ಸಮಯದಲ್ಲಿ ಸಾನುಕಿಗೆ ದೂತರನ್ನು ಕಳುಹಿಸಿ ಸುತೋಕುವಿನ ಆತ್ಮವನ್ನು ಕ್ಯೋತೋ ನಗರಕ್ಕೆ ಬಿಜಯಮಾಡಿಸಿದನು. ಅದಕ್ಕಾಗಿ ಕಟ್ಟಿದ ಶಿರಾಮಿನೆ ಗುಡಿಯು ಇಂದಿಗೂ ಇದೆ.

ಗೋ-ಶಿರಾಕಾವಾ ಮೂರೇ ವರ್ಷ ಪಟ್ಟದಲ್ಲಿದ್ದು, 1158ರಲ್ಲಿ ಅದನ್ನು ಬಿಟ್ಟು, ನಡುವೆ ಅಡಚಣೆಗಳಿದ್ದರೂ 1192ರವರೆಗೆ ಇನ್ ಆಗಿ ಆಳಿದನು. ತಾಯಿರಾ ಕಿಯೊಮೊರಿ 1179ರಲ್ಲಿ ಅವನನ್ನು ಸೆರೆಯಲ್ಲಿಟ್ಟನು. ಕಿಯೊಮೊರಿಯ ವಂಶವು 1185ರಲ್ಲಿ ಸಮುದ್ರದ ಪಾಲಾಯಿತು. ಕಾಮಾಕುರಾದಲ್ಲಿ ಮಿನಾಮೊತೊ ಯೊರಿತೊಮೊ ಯೋಧರ ಪ್ರಭುತ್ವವನ್ನು ಸ್ಥಾಪಿಸಿದನು. ಈ ಎಲ್ಲ ಬಿರುಗಾಳಿಗಳನ್ನೂ ದಾಟಿ ಉಳಿದ ಈ ಸಂಗೀತಪ್ರಿಯನು ತಾನು ವೃದ್ಧ ಗಾಯಕಿಯೊಬ್ಬಳಿಂದ ಕಲಿತ ಹಾಡುಗಳನ್ನು ‘ರ್ಯೋಜಿನ್ ಹಿಶೋ’ ಎಂಬ ಸಂಗ್ರಹದಲ್ಲಿ ಸೇರಿಸಿಟ್ಟನು. ಸುತೋಕುವಿಗೆ ದೊರೆಯದ ಅಧಿಕಾರವು ಇವನಿಗೆ ದೊರೆತುದು ಯೋಗ್ಯತೆಯಿಂದಲ್ಲ, ಮಗನೂ ಮೊಮ್ಮಕ್ಕಳೂ ಸಾಲಾಗಿ ಪಟ್ಟಕ್ಕೆ ಬಂದುದರಿಂದ.

ಇವನ ಮೊಮ್ಮಗನೇ ಗೋ-ತೋಬಾ. 1180ರಲ್ಲಿ ಹುಟ್ಟಿ, 1183ರಲ್ಲಿ ರಾಜಲಾಂಛನಗಳಿಲ್ಲದೆಯೇ ಪಟ್ಟವನ್ನೇರಿದವನು. ಲಾಂಛನಗಳನ್ನು ತಾಯಿರಾ ವಂಶದವರು ಪಶ್ಚಿಮಕ್ಕೆ ಒಯ್ದಿದ್ದರು, ಅವುಗಳಲ್ಲಿ ಖಡ್ಗವು ಸಮುದ್ರದಲ್ಲಿ ಮುಳುಗಿತು. 1198ರಲ್ಲಿ ನಿವೃತ್ತನಾಗಿ ಆಳತೊಡಗಿದ ಇವನು ಕವಿ, ‘ಶಿನ್ ಕೊಕಿನ್‌ಶೂ’ ಎಂಬ ಕಾವ್ಯಸಂಕಲನದ ಪ್ರವರ್ತಕ, ಕುದುರೆ ಸವಾರ. ಕಮ್ಮಾರರನ್ನು ಕರೆಸಿ ತಾನೂ ಖಡ್ಗವನ್ನು ಬಡಿದು ಹದಮಾಡುತ್ತಿದ್ದನೆಂದು ಐತಿಹ್ಯವಿದೆ. 1221ರ ಐದನೆಯ ಚಾಂದ್ರಮಾಸದಲ್ಲಿ ಇವನು ಕಾಮಾಕುರಾದ ಪ್ರಧಾನನಾದ ಹೋಜೋ ಯೊಶಿತೊಕಿಯನ್ನು ದಂಡಿಸಬೇಕೆಂದು ನಿರೂಪವನ್ನು ಹೊರಡಿಸಿದನು. ಆ ನಿರೂಪವನ್ನು ಕಂಡೊಡನೆ ಯೋಧರು ತನ್ನ ಕಡೆಗೆ ಬರುವರೆಂದು ಅವನು ನಂಬಿದ್ದನು. ಯೊರಿತೊಮೊನ ವಿಧವೆಯಾದ ಮಸಾಕೊ, ತನ್ನ ಗಂಡನಿಂದ ಅವರಿಗೆ ಬಂದ ಭೂಮಿಯನ್ನೂ ಮಾನವನ್ನೂ ನೆನಪಿಸಿ, ಯೋಧರನ್ನು ಹಿಡಿದು ನಿಲ್ಲಿಸಿದಳು. ಒಂದು ತಿಂಗಳೊಳಗಾಗಿ ಪೂರ್ವದ ಸೇನೆಯು ಕ್ಯೋತೋವನ್ನು ಪ್ರವೇಶಿಸಿತು. ಗೋ-ತೋಬಾ ನಿರೂಪವನ್ನು ಹಿಂದಕ್ಕೆ ತೆಗೆದುಕೊಂಡು, ಅಪರಾಧವನ್ನು ಆಲೋಚನೆ ಹೇಳಿದವರ ಮೇಲೆ ಹೊರಿಸಿದನು; ಇದು ಅವನ ಕೀರ್ತಿಗೆ ತಕ್ಕ ನಡತೆಯಲ್ಲ. ಅವನು ಓಕಿ ದ್ವೀಪಕ್ಕೂ ಅವನ ಮಗ ಜುಂತೋಕು ಸಾದೋ ದ್ವೀಪಕ್ಕೂ ಗಡೀಪಾರಾದರು. ಯುದ್ಧಕ್ಕೆ ಒಪ್ಪದಿದ್ದ ಹಿರಿಯ ಮಗ ತ್ಸುಚಿಮಿಕಾದೊ, ತಂದೆಯು ಕಷ್ಟದಲ್ಲಿರುವಾಗ ತಾನು ರಾಜಧಾನಿಯಲ್ಲಿ ಇರಲಾರೆನೆಂದು ತಾನಾಗಿಯೇ ತೋಸಾಕ್ಕೆ ಹೊರಟುಹೋದನು. ಆಗ ಪಟ್ಟದಲ್ಲಿದ್ದ ಶಿಶುವನ್ನು ಮೂರು ತಿಂಗಳಾಗುವುದರೊಳಗೆ ಇಳಿಸಿದರು. ಚೂಕ್ಯೋ ಎಂಬ ರಾಜನಾಮವು ಅವನಿಗೆ ದೊರೆತುದು 1870ರಲ್ಲಿ.

ಇಷ್ಟಾದ ಮೇಲೆ ವಿಜಯಿಗಳು ಇನ್‌ಸೆಯ್ ಪದ್ಧತಿಯನ್ನು ಅಳಿಸಿಬಿಡಬಹುದಾಗಿದ್ದಿತು. ಅವರು ಮಾಡಿದುದು ಅದಕ್ಕೆ ವಿರುದ್ಧವಾದ ಕೆಲಸ. ಗೋ-ತೋಬಾನ ಅಣ್ಣನಾದ ಮೊರಿಸಾದಾ ಎಂಬ ರಾಜಕುಮಾರನು 1212ರಲ್ಲಿಯೇ ಸಂನ್ಯಾಸಿಯಾಗಿದ್ದನು. ಒಂದು ದಿನವೂ ಸಿಂಹಾಸನದ ಮೇಲೆ ಕುಳಿತವನಲ್ಲ. ಕಾಮಾಕುರಾದವರು ಅವನ ಚಿಕ್ಕ ಮಗನನ್ನು ಗೋ-ಹೊರಿಕಾವಾ ಎಂಬ ಹೆಸರಿನಿಂದ ಪಟ್ಟಕ್ಕೆ ತಂದು, ಆ ಸಂನ್ಯಾಸಿಗೆ ನಿವೃತ್ತ ಚಕ್ರವರ್ತಿಯ ಬಿರುದನ್ನು ಕೊಟ್ಟು, ಗೋ-ತೋಬಾನಿಂದ ಕಸಿದುಕೊಂಡ ಮಾನ್ಯಗಳನ್ನು ಬೇಕಾದಾಗ ಹಿಂದಕ್ಕೆ ಪಡೆಯುವ ಷರತ್ತಿನ ಮೇಲೆ ಅವನಿಗೆ ಒಪ್ಪಿಸಿದರು. 1223ರಲ್ಲಿ ಸಾಯುವವರೆಗೆ ಗೋ-ತಾಕಾಕುರಾ-ಇನ್ ಎಂಬ ಹೆಸರಿನಿಂದ ಅವನು ಆಳಿದನು. ಪಟ್ಟವನ್ನು ಏರದವನು ಪಟ್ಟದಿಂದ ನಿವೃತ್ತನಾದನು! ನಗುವಿಗೆ ಎಡೆಕೊಡುವ ಈ ವ್ಯವಸ್ಥೆಯೇ ನಮ್ಮ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಆಳುವ ಅರ್ಹತೆಯು ಹಿಂದೆ ಚಕ್ರವರ್ತಿಯಾಗಿದ್ದುದರಿಂದ ಬರುತ್ತಿರಲಿಲ್ಲ. ಈಗಿನ ಚಕ್ರವರ್ತಿಯ ತಂದೆಯಾಗಿರುವುದರಿಂದಲೂ, ಆ ಮನೆತನದ ಮಾನ್ಯಗಳಿಗೆ ಒಡೆಯನಾಗಿರುವುದರಿಂದಲೂ ಬರುತ್ತಿದ್ದಿತು. ಸುತೋಕುವಿಗೆ ಸಿಂಹಾಸನದ ಅನುಭವವಿದ್ದಿತು, ಪಿತೃತ್ವವಿರಲಿಲ್ಲ. ಈ ಸಂನ್ಯಾಸಿಗೆ ಪಿತೃತ್ವವಿದ್ದಿತು, ಸಿಂಹಾಸನದ ಅನುಭವವಿರಲಿಲ್ಲ.

ಇನ್ ಕಚೇರಿಯು ರಾಜಸಭೆಯನ್ನೇ ನುಂಗಿ ತಾನೇ ಸರ್ಕಾರವಾಯಿತೆಂಬುದು ಹಿಂದಿನ ಚರಿತ್ರಕಾರರ ಮತ. 1339ರಲ್ಲಿ ‘ಜಿನ್ನೋ ಶೋತೋಕಿ’ಯನ್ನು ಬರೆದ ಕಿತಾಬತಾಕೆ ಚಿಕಾಫುಸಾ, ಚಕ್ರವರ್ತಿಯ ಆಜ್ಞೆಗಿಂತ ಇನ್‌ನ ಪತ್ರಕ್ಕೆ ಬೆಲೆ ಬಂದುದು ಕಾಲವು ಕೆಟ್ಟುದರ ಗುರುತೆಂದು ದುಃಖಪಟ್ಟಿದ್ದನು. ಇದಕ್ಕೆ ಪ್ರತಿಯಾಗಿ ಅಮೇರಿಕದ ವಿದ್ವಾಂಸನಾದ ಹರ್ಸ್ಟ್ ಎಂಬವರು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಾಜವಂಶವು ಫುಜಿವಾರಾ ಮೊದಲಾದ ಮನೆತನಗಳಂತೆ ತಾನೂ ಒಂದು ಮನೆತನವಾಗಿ ಸಂಘಟಿತವಾಯಿತೆಂದೂ, ಇನ್ ಆ ಮನೆತನದ ಯಜಮಾನನೆಂದೂ ಪ್ರತಿಪಾದಿಸಿದರು. ಮೇಲೆ ಕಂಡ ಎರಡು ಪ್ರಸಂಗಗಳೂ ಈ ಎರಡನೆಯ ಮತವನ್ನೇ ಪೋಷಿಸುತ್ತವೆ.

ಗೋ-ತೋಬಾ ಓಕಿಯಲ್ಲಿ ಸುಮಾರು ಹದಿನೆಂಟು ವರ್ಷವಿದ್ದು 1239ರಲ್ಲಿ ತೀರಿಕೊಂಡನು. ದಂಡನ್ನೂ ಭೂಮಿಯನ್ನೂ ಕಳೆದುಕೊಂಡ ಆ ದ್ವೀಪದಲ್ಲಿ ಅವನು ತನ್ನ ಕಾವ್ಯಸಂಕಲನವನ್ನು ಮತ್ತೆ ಮುಂದಿಟ್ಟುಕೊಂಡು, ಸುಮಾರು ಎರಡು ಸಾವಿರ ಪದ್ಯಗಳಲ್ಲಿ ನಾನೂರರಷ್ಟನ್ನು ತೆಗೆದುಹಾಕಿ ಹೊಸ ಪಾಠವನ್ನು ಸಿದ್ಧಪಡಿಸಿದನು.

ಮುಂದಿನ ಕಥೆಯು ಪದ್ಧತಿಯ ಇಳಿಗಾಲ. 1272ರಲ್ಲಿ ಸತ್ತ ಗೋ-ಸಾಗಾ ತನ್ನ ಇಬ್ಬರು ಮಕ್ಕಳಲ್ಲಿ ಯಾರ ಸಂತಾನಕ್ಕೆ ಪಟ್ಟವೆಂಬುದನ್ನು ಖಚಿತಪಡಿಸದೆ ಹೋದನು. ವಂಶವು ಎರಡಾಗಿ, ಪಟ್ಟವು ಸರದಿಯಂತೆ ನಡೆದು, 1301ರಲ್ಲಿ ಏಕಕಾಲಕ್ಕೆ ಐವರು ನಿವೃತ್ತ ಚಕ್ರವರ್ತಿಗಳು ಬದುಕಿದ್ದರು. ಅವರಲ್ಲಿ ಆಳುವ ಹಕ್ಕು ಪಟ್ಟದಲ್ಲಿದ್ದವನ ತಂದೆಯೊಬ್ಬನದೇ. 1318ರಲ್ಲಿ ಪಟ್ಟಕ್ಕೆ ಬಂದ ಗೋ-ದಾಯ್‌ಗೊ, 1321ರಲ್ಲಿ ತಂದೆಯ ಇನ್ ಆಳ್ವಿಕೆಯನ್ನು ಮುಗಿಸಿ, ಸಿಂಹಾಸನದ ಮೇಲೆ ಕುಳಿತೇ ಆಳಲು ಹೊರಟನು. 1332ರಲ್ಲಿ ಅವನನ್ನೂ ಓಕಿ ದ್ವೀಪಕ್ಕೆ ಕಳುಹಿಸಿದರು; ಗೋ-ತೋಬಾನಿಗೆ ಸಾಧ್ಯವಾಗದುದನ್ನು ಇವನು ಸಾಧಿಸಿ, ಮರುವರ್ಷ ತಪ್ಪಿಸಿಕೊಂಡು ಬಂದು ಕಾಮಾಕುರಾದ ಪತನವನ್ನು ಕಂಡನು. ಆದರೆ ಮೂರು ವರ್ಷಗಳಲ್ಲಿ ರಾಜಧಾನಿಯನ್ನು ಕಳೆದುಕೊಂಡು ಯೊಶಿನೊ ಪರ್ವತವನ್ನು ಸೇರಿದನು.

ಯೋಧರ ಅರಾಜಕತೆಯಲ್ಲಿ ಮಾನ್ಯಗಳು ಕೈಬಿಟ್ಟುಹೋದಂತೆ ನಿವೃತ್ತಿಯೂ ಅಸಾಧ್ಯವಾಯಿತು. ಪಟ್ಟವನ್ನು ಬಿಡುವವನಿಗೆ ಹೊಸ ಅರಮನೆ ಬೇಕು, ಪರಿವಾರ ಬೇಕು, ಬರುವವನ ಪಟ್ಟಾಭಿಷೇಕಕ್ಕೆ ದ್ರವ್ಯ ಬೇಕು. 1464ರಲ್ಲಿ ಗೋ-ಹಾನಾಜೋನೊ ಪಟ್ಟವನ್ನು ಬಿಟ್ಟ ಮೇಲೆ 1586ರವರೆಗೆ ಒಬ್ಬ ಚಕ್ರವರ್ತಿಯೂ ನಿವೃತ್ತನಾಗಲಿಲ್ಲ. ಇಳಿಯಬೇಕೆಂದು ಬಯಸಿಯೂ ಇಳಿಯಲಾರದೆ ಗೋ-ತ್ಸುಚಿಮಿಕಾದೊ 1500ರಲ್ಲಿ ಪಟ್ಟದ ಮೇಲೆಯೇ ಸತ್ತನು. ಹಣವಿಲ್ಲದೆ ಅವನ ಅಂತ್ಯಕ್ರಿಯೆಯು ನಲವತ್ತು ದಿನಗಳಿಗಿಂತ ಹೆಚ್ಚು ಕಾಲ ನಿಂತಿತು. ಅವನ ಮಗನ ಪಟ್ಟಾಭಿಷೇಕದ ಉತ್ಸವವು ನಡೆದುದು ಇಪ್ಪತ್ತೊಂದು ವರ್ಷಗಳ ಮೇಲೆ, 1521ರಲ್ಲಿ. ಹಿಂದಿನ ಶತಮಾನಗಳಲ್ಲಿ ಒತ್ತಾಯದಿಂದ ಇಳಿಸಲ್ಪಟ್ಟವರನ್ನು ಕುರಿತು ಮರುಗುವ ನಾವು, ಇಳಿಯುವ ಶಕ್ತಿಯೂ ಇಲ್ಲದೆ ಕುಳಿತ ಈ ಮೂರು ತಲೆಮಾರುಗಳವರನ್ನು ಮರೆಯಬಾರದು.

ತೋಕುಗಾವಾ ಶೋಗುನರ ಕಾಲದಲ್ಲಿ ನಿವೃತ್ತಿಯು ಮತ್ತೆ ನಡೆಯತೊಡಗಿತು. 1629ರಲ್ಲಿ ಶೋಗುನನ ಮೇಲಿನ ಮುನಿಸಿನಿಂದ ಗೋ-ಮಿಜುನೋ ಹಠಾತ್ತನೆ ಪಟ್ಟವನ್ನು ಮಗಳಿಗೆ ಬಿಟ್ಟನು. ಅಧಿಕಾರವಿಲ್ಲದವನಿಗೆ ಪ್ರತಿಭಟನೆಯನ್ನು ಸೂಚಿಸುವುದಕ್ಕೆ ಅದೊಂದೇ ಮಾರ್ಗವಾಗಿದ್ದಿತು. 1817ರಲ್ಲಿ ಪಟ್ಟವನ್ನಿಳಿದ ಕೋಕಾಕು 1840ರಲ್ಲಿ ತೀರಿಕೊಂಡನು. 1889ರ ರಾಜಕುಟುಂಬ ಶಾಸನವು ಚಕ್ರವರ್ತಿಯ ಮರಣದಿಂದ ಮಾತ್ರವೇ ಉತ್ತರಾಧಿಕಾರವು ಪ್ರಾಪ್ತವಾಗತಕ್ಕದ್ದೆಂದು ವಿಧಿಸಿ, ಪದ್ಧತಿಯನ್ನು ಮುಚ್ಚಿಹಾಕಿತು. ಅಕಿಹಿತೊ ಚಕ್ರವರ್ತಿಯೊಬ್ಬರಿಗೇ ಅನ್ವಯಿಸುವಂತೆ 2017ರಲ್ಲಿ ಒಂದು ವಿಶೇಷ ಶಾಸನವಾಯಿತು. ಅದರಂತೆ ಅವರು 2019ನೆಯ ಏಪ್ರಿಲ್ 30ರಂದು, ಕೋಕಾಕುವಿನ ನಿವೃತ್ತಿಯಾದ 202 ವರ್ಷಗಳ ಮೇಲೆ, ಪಟ್ಟವನ್ನು ಬಿಟ್ಟು ‘ಜೋಕೋ’ ಎಂಬ ಬಿರುದನ್ನು ಪಡೆದರು. ಹಿಂದೆ ಶಿರಾಕಾವಾನೂ ಗೋ-ತೋಬಾನೂ ಧರಿಸಿದ್ದ ಬಿರುದೇ ಅದು. ಅದರೊಡನೆ ಯಾವ ಕಚೇರಿಯೂ ಬರಲಿಲ್ಲ, ಮಾನ್ಯವೂ ಬರಲಿಲ್ಲ. ಸಾರ್ವಜನಿಕ ಕರ್ತವ್ಯಗಳೆಲ್ಲವನ್ನೂ ಅವರು ಮಗನಿಗೆ ಒಪ್ಪಿಸಿದರು.